ಹೊಸ ಕಣದ ಸುದ್ದಿಯನ್ನು ನಂಬುವುದು ಹೇಗೆ? ಹೊಸೂರಿನ ಎಚ್.ಎನ್. ಬದುಕಿನಲ್ಲೊಂದು ದಾರಿ

ಹೊಸ ಕಣವೊಂದರ ಸುಳಿವು ಸಿಕ್ಕಿದೆ, ಇನ್ನು ಭೌತವಿಜ್ಞಾನವೇ ಬದಲಾಗಲಿದೆ ಎಂಬ ಸುದ್ದಿಗಳು ಆಗಾಗ ಬರುತ್ತಲೇ ಇರುತ್ತವೆ. ಅದರ ಹಿಂದಿನ ಗಣಿತ ತಿಳಿಯದ ನಾವು ಇದನ್ನು ನಂಬಬೇಕೇ, ಬಿಡಬೇಕೇ? ಡಾ. ಎಚ್. ನರಸಿಂಹಯ್ಯನವರ ಬದುಕಿನಲ್ಲಿ ಇದಕ್ಕೊಂದು ದಾರಿ ಇದೆ.

ಎಚ್.ಎನ್. ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. 1942ರ ಚಳವಳಿಯಲ್ಲಿ ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಮರಳಿದರು. ಮದುವೆಯಾಗಲಿಲ್ಲ, ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ವಿಜ್ಞಾನ ಜನರಿಗೂ ತಲುಪಲಿ ಎಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದು ಅವರ ನಿಲುವು.

ಈ ನಿಲುವು ಪವಾಡಕ್ಕಷ್ಟೇ ಅಲ್ಲ, ವಿಜ್ಞಾನಕ್ಕೂ ಅನ್ವಯಿಸುತ್ತದೆ. ಅದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ಆಗ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಯಲ್ಲೇ ಇದ್ದವು. ಅದೇ ಜಿಲ್ಲೆಯ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಬೇರೊಂದು ತಂಡಕ್ಕೂ ಅದೇ ವರ್ಷ ಅವು ಕಂಡವು. ಆ ಫಲಿತಾಂಶ ಇಂದಿಗೂ ನಿಂತಿದೆ.

1980ರ ದಶಕದಲ್ಲಿ ಅಲ್ಲೇ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಇನ್ನೂ ದೊಡ್ಡದೊಂದಕ್ಕೆ ಕಾದು ಕುಳಿತರು. ಪ್ರೋಟಾನ್ ಕೂಡ ಬಹು ಅಪರೂಪಕ್ಕೆ ಒಡೆಯುತ್ತದೆ ಎಂದು ಹೊಸ ಸಿದ್ಧಾಂತ ಹೇಳಿತ್ತು. ಸುಮಾರು 140 ಟನ್ ತೂಕದ ಉಪಕರಣದಲ್ಲಿ ಹಾಗೆ ಕಾಣುವ ಕೆಲವು ಗುರುತುಗಳು ಸಿಕ್ಕವು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇಂದಿಗೂ ಯಾರೂ ಖಚಿತವಾಗಿ ಕಂಡಿಲ್ಲ.

ಹಾಗಾದರೆ ಕೋಲಾರದವರು ಮೋಸ ಮಾಡಿದರೇ? ಇಲ್ಲ. ಸಿಕ್ಕಿದ್ದನ್ನು ಎಲ್ಲರ ಮುಂದಿಟ್ಟರು, ಬೇರೆಯವರು ಪರೀಕ್ಷಿಸಿದರು. ಪವಾಡದವರು ಹಿಂಜರಿಯುವುದು ಇಲ್ಲೇ.

ಹೊಸ ಕಣದ ಸುದ್ದಿ ಬಂದಾಗ ನಾವೂ ಮೂರು ಪ್ರಶ್ನೆ ಕೇಳಬಹುದು. ನಿಜವಾಗಿ ಕಂಡದ್ದೇನು? ಅದು ಬೇರೆ ಕಾರಣದಿಂದಲೂ ಆಗಿರಬಹುದೇ? ಬೇರೆ ತಂಡಕ್ಕೂ ಕಂಡಿತೇ? ಇವಕ್ಕೆ ಪದವಿ ಬೇಕಿಲ್ಲ.

ಎಚ್.ಎನ್. 2005ರ ಜನವರಿ 31ರಂದು ತೀರಿಕೊಂಡರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಅವರು ಬೆಳೆಸಿದ ನ್ಯಾಷನಲ್ ಕಾಲೇಜುಗಳಲ್ಲಿ ಹಳ್ಳಿ ಮಕ್ಕಳು ಇಂದಿಗೂ ಓದುತ್ತಿದ್ದಾರೆ.