ಲಿಂಬೆ, ಮಾದಳಗಳಿಗೆ ಹೆಸರು ಬರೆದಿಟ್ಟ ಗುರು: ವಂದನೀಯ ಫೆರಾರಿ



ನಮ್ಮ ಅಜ್ಜ-ಅಜ್ಜಿಯರ ಹಿತ್ತಿಲಲ್ಲಿ ಕಂಚಿಹುಳಿ, ಮಾದಳ, ಗಜಲಿಂಬೆ, ಚಕ್ಕೋತ ಎಲ್ಲ ಇದ್ದವು. ರಬ್ಬರು, ಅಡಿಕೆ ಹಬ್ಬಿದ ಹಾಗೆ ಅವು ಒಂದೊಂದಾಗಿ ಇಲ್ಲವಾಗುತ್ತಿವೆ. ಕಂಚಿಹುಳಿ ಯಾವುದು, ಮಾದಳ ಯಾವುದು ಎಂದು ಕೇಳಿದರೆ ಯುವಜನರಾದ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇಂಥ ಹಣ್ಣುಗಳ ಹೆಸರು, ಬಣ್ಣ, ರುಚಿಗಳನ್ನು ಬರೆದಿಡಲು ಹಲವು ವರ್ಷ ದುಡಿದ ಒಬ್ಬ ಗುರುವಿನ ಬಾಳನ್ನು ಈ ಸಲ ನೆನೆಯೋಣ ಎಂದುಕೊಂಡೆವು.

ವಂದನೀಯ ಜೊವಾನ್ನಿ ಬತ್ತಿಸ್ತ ಫೆರಾರಿಯವರು 16ನೇ ಶತಮಾನದ ಕೊನೆಯ ಭಾಗದಲ್ಲಿ ಇಟೆಲಿಯ ಸಿಯೆನಾ ನಗರದಲ್ಲಿ ಹುಟ್ಟಿದರು. 1602ರಲ್ಲಿ ಯೇಸುಸಭೆಯನ್ನು ಸೇರಿದರು. ಅವರ ಮೊದಲ ಕೆಲಸ ತೋಟವಲ್ಲ, ಭಾಷೆ. ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಹೀಬ್ರೂ ಕಲಿಸಿದರು. 1622ರಲ್ಲಿ ಸಿರಿಯಾಕ್ ಭಾಷೆಯ ಶಬ್ದಕೋಶವನ್ನು ಪ್ರಕಟಿಸಿದರು. ಸಿರಿಯಾಕ್ ಎಂದರೆ ನಮ್ಮ ನೆರೆಯ ಸಿರೋ ಮಲಬಾರ್ ಸಹೋದರರ ಆರಾಧನೆಯ ಹಳೆಯ ಭಾಷೆ.

ಮುಂದೆ ಎಂಟನೆಯ ಉರ್ಬಾನ್ ಪೋಪ್ ಆದರು. ಅವರ ಬಾರ್ಬೆರಿನಿ ಮನೆತನದವರು ತಮ್ಮ ಹೂತೋಟದ ವಿಷಯದಲ್ಲಿ ಫೆರಾರಿಯವರ ಸಲಹೆ ಪಡೆಯುತ್ತಿದ್ದರು. 1633ರಲ್ಲಿ ಅವರು ಹೂ ಬೆಳೆಸುವ ಬಗ್ಗೆ ಒಂದು ಗ್ರಂಥ ಬರೆದರು. ಆಮೇಲೆ ಅವರ ಮನಸ್ಸು ಲಿಂಬೆ ಜಾತಿಯ ಹಣ್ಣುಗಳ ಮೇಲೆ ಹೋಯಿತು.

ಇಟೆಲಿಯ ಶ್ರೀಮಂತರು ತಮ್ಮ ಬಂಗಲೆಗಳ ತೋಟದಲ್ಲಿ ಈ ಗಿಡಗಳನ್ನು ದೊಡ್ಡ ಮಣ್ಣಿನ ಚಟ್ಟಿಗಳಲ್ಲಿ ಬೆಳೆಸುತ್ತಿದ್ದರು. ಚಳಿಗಾಲದಲ್ಲಿ ಅವನ್ನು ಚಟ್ಟಿ ಸಮೇತ ಅದಕ್ಕೆಂದೇ ಕಟ್ಟಿದ ಮನೆಯೊಳಗೆ ಇಡುತ್ತಿದ್ದರು. ಎಲ್ಲಿ ಯಾವ ತಳಿ ಇದೆ ಎಂದು ತಿಳಿಯಲು ಫೆರಾರಿಯವರಿಗೆ ಕಸ್ಸಿಯಾನೊ ದಾಲ್ ಪೋತ್ಸೊ ಎಂಬ ವಿದ್ವಾಂಸರು ನೆರವಾದರು. ಇಟೆಲಿಯ ಬೇರೆ ಬೇರೆ ಊರುಗಳ ಬೆಳೆಗಾರರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿ, ಉತ್ತರ ತರಿಸಿಕೊಂಡರು. ವಿಂಚೆನ್ಸೊ ಲಿಯೊನಾರ್ದಿ ಎಂಬ ಕಲಾವಿದರು ಹಣ್ಣುಗಳ ಚಿತ್ರ ಬರೆದರು. ಅಂಥ ಅನೇಕ ಚಿತ್ರಗಳು ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ.

1646ರಲ್ಲಿ ರೋಮಿನಲ್ಲಿ ಅವರ ಹೆಸ್ಪೆರಿದೆಸ್ ಗ್ರಂಥ ಹೊರಬಂತು. ಹೊನ್ನಿನ ಹಣ್ಣು ಕಾಯುವ ಸೋದರಿಯರ ಗ್ರೀಕ್ ಕಥೆಯಿಂದ ಬಂದ ಹೆಸರದು. ಮಾದಳ, ಲಿಂಬೆ, ಕಿತ್ತಳೆ ಎಂದು ಮೂರು ಭಾಗ ಮಾಡಿ, ಇಡೀ ಹಣ್ಣಿನ ಜೊತೆಗೆ ಕೊಯ್ದ ಹಣ್ಣಿನ ಚಿತ್ರಗಳನ್ನೂ ಕೊಟ್ಟರು. ಬೆರಳುಗಳ ಹಾಗೆ ಸೀಳಿದ ಹಣ್ಣು, ಹಣ್ಣಿನೊಳಗೆ ಇನ್ನೊಂದು ಹಣ್ಣು, ಉಬ್ಬುತಗ್ಗಿನ ಹಣ್ಣು ಯಾವುದನ್ನೂ ಬಿಡಲಿಲ್ಲ. ಕೆಲವು ವಿಚಿತ್ರ ಹಣ್ಣುಗಳಿಗೆ, ಮನುಷ್ಯರು ಗಿಡವಾದರು ಎಂಬ ಕಥೆಗಳನ್ನೂ ಕಟ್ಟಿದರು. ವಿಜ್ಞಾನ ಕಲಿತ ನಮಗೆ ಇದನ್ನು ಓದಿದರೆ ನಗು ಬರುತ್ತದೆ. ಆದರೆ ಚಿತ್ರಗಳ ಮಟ್ಟಿಗೆ ಅವರು ಕಣ್ಣಿಗೆ ಕಂಡದ್ದನ್ನೇ ನಂಬಿದರು.

ಲಿಂಬೆಯು ಹುಳಿ ಕಿತ್ತಳೆ ಮತ್ತು ಮಾದಳ ಕೂಡಿ ಹುಟ್ಟಿದ ತಳಿ ಎಂದು ಇಂದಿನ ವಂಶವಾಹಿ ಪರೀಕ್ಷೆಗಳು ತೋರಿಸಿವೆ. ಈ ಕುಲದ ತವರು ಹಿಮಾಲಯದ ತಪ್ಪಲು, ಅಂದರೆ ನಮ್ಮ ಕಡೆಯದೇ. ಇಟೆಲಿಯವರು ಕಿತ್ತಳೆಗೆ ಅರಾಂಚ ಎನ್ನುತ್ತಾರೆ. ಆ ಶಬ್ದ ಅರಬ್ಬರ, ಪಾರಸಿಯರ ಬಾಯಿಯಿಂದ ಅಲ್ಲಿಗೆ ಹೋದದ್ದು. ಅದರ ಬೇರು, ನಮ್ಮ ಮಲಯಾಳಿ ನೆರೆಯವರು ದಿನವೂ ಹೇಳುವ ನಾರಂಗದ ಬೇರೇ.

ಫೆರಾರಿಯವರು 1655ರಲ್ಲಿ ಸಿಯೆನಾದಲ್ಲಿ ತೀರಿಕೊಂಡರು. ಅವರ ನಂತರವೂ ಈ ಕೆಲಸ ನಿಲ್ಲಲಿಲ್ಲ. 1715ರಲ್ಲಿ ಬಿಂಬಿ ಎಂಬ ಚಿತ್ರಕಾರರು ಮೆದಿಚಿ ಮನೆತನದ ಅರಸರಿಗಾಗಿ ಅವರ ತೋಟದ ಲಿಂಬೆ, ಕಿತ್ತಳೆಗಳನ್ನು ದೊಡ್ಡ ಚಿತ್ರಗಳಲ್ಲಿ ಬಿಡಿಸಿದರು. 1644ರಲ್ಲಿ ಫ್ಲೋರೆನ್ಸಿನಲ್ಲಿ ಒಂದೇ ಗಿಡದಲ್ಲಿ ಕಿತ್ತಳೆಯೂ ಮಾದಳವೂ ಬಿಡುವ ಬಿತ್ಸಾರಿಯಾ ಎಂಬ ತಳಿ ಕಂಡುಬಂದಿತ್ತು. ಅದು ನಾಶವಾಯಿತೆಂದೇ ಎಲ್ಲರೂ ಎಣಿಸಿದ್ದರು. 1980ರ ಸುಮಾರಿಗೆ ಮತ್ತೆ ಸಿಕ್ಕಿತು. ಹಿಂದಿನವರು ಬರೆದಿಡದೆ ಇದ್ದಿದ್ದರೆ ಅದರ ಗುರುತು ಯಾರಿಗೆ ಸಿಗುತ್ತಿತ್ತು?

ದೇವರು ಆದಾಮನ ಮುಂದೆ ಜೀವಿಗಳನ್ನು ತಂದು ಹೆಸರಿಡಲು ಬಿಟ್ಟರೆಂದು ಆದಿಕಾಂಡದಲ್ಲಿ ಕೇಳಿದ್ದೇವೆ. ನಮ್ಮ ಪಾಲಿಗೆ ಹೆಸರಿಡುವ ಕೆಲಸವಿಲ್ಲ, ಇದ್ದ ಹೆಸರನ್ನು ಉಳಿಸಿಕೊಳ್ಳುವ ಕೆಲಸವಿದೆ. ಹಿರಿಯರೇ, ನಿಮ್ಮ ಹಿತ್ತಿಲಲ್ಲಿ ಹುಳಿಹಣ್ಣಿನ ಹಳೆಯ ಗಿಡವಿದ್ದರೆ ಭಾನುವಾರದ ಪೂಜೆಯ ನಂತರ ನಮಗೆ ತಿಳಿಸಿ. ಕನ್ನಡ, ಕೊಂಕಣಿ, ತುಳು, ಮಲಯಾಳ, ನೀವು ಯಾವ ಭಾಷೆಯಲ್ಲಿ ಕರೆಯುತ್ತೀರೋ ಅದೇ ಹೆಸರು ಹೇಳಿ. ಪುಸ್ತಕ, ಪೆನ್ನು ಹಿಡಿದು ನಾವು ನಿಮ್ಮ ಮನೆಗೆ ಬರುತ್ತೇವೆ.