ಗೇರ್ ಹೆಚ್ಚಿದ್ದರೆ ಟ್ರ್ಯಾಕ್ಟರ್ ಸ್ಪೀಡೂ ಹೆಚ್ಚೇ? ಹ್ಯಾರಿ ಫರ್ಗುಸನ್ ಬದುಕಿನಲ್ಲಿದೆ ಉತ್ತರ

ಬಂಗಾರಪೇಟೆ ಸುತ್ತಮುತ್ತ ರಾಗಿ ಹೊಲ ಉಳುವ, ಟೊಮೆಟೊ ಬಾಕ್ಸ್ ಸಾಗಿಸುವ ಕೆಂಪು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರನ್ನು ನೀವು ನೋಡಿರುತ್ತೀರಿ. ಆ ಹೆಸರಿನ ಅರ್ಧ ಭಾಗ ಹ್ಯಾರಿ ಫರ್ಗುಸನ್ ಅವರದು. ಹಳೆಯ ಮಾಡೆಲ್‌ಗಳ ಮಾತು ಬಂದಾಗ ‘ಗೇರ್ ಜಾಸ್ತಿ ಇದ್ದಷ್ಟೂ ಗಾಡಿ ಸ್ಪೀಡು’ ಅನ್ನುವವರಿದ್ದಾರೆ. ಇದು ನಿಜವೇ?

ಯಾರು ಈ ಫರ್ಗುಸನ್?

1884ರಲ್ಲಿ ಐರ್ಲೆಂಡಿನ ರೈತ ಕುಟುಂಬದಲ್ಲಿ ಹುಟ್ಟಿದರು. ಅಣ್ಣನ ಗ್ಯಾರೇಜಿನಲ್ಲಿ ಕೆಲಸ ಕಲಿತು, 1909ರಲ್ಲಿ ತಾವೇ ಕಟ್ಟಿದ ವಿಮಾನ ಹಾರಿಸಿದರು. ಮೊದಲ ಮಹಾಯುದ್ಧದ ವೇಳೆ ಟ್ರ್ಯಾಕ್ಟರ್ ಕೆಲಸಕ್ಕೆ ಬಂದರು. ಆಗಿನ ಟ್ರ್ಯಾಕ್ಟರ್‌ಗಳಲ್ಲಿ ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ಫರ್ಗುಸನ್ ನೇಗಿಲನ್ನು ಮೂರು ಕಡೆ ಜೋಡಿಸಿ, ಹೈಡ್ರಾಲಿಕ್‌ನಿಂದ ಎತ್ತಿಳಿಸುವ ವ್ಯವಸ್ಥೆ ರೂಪಿಸಿದರು. ಕಲ್ಲು ಸಿಕ್ಕರೆ ಮೇಲಿನ ಕೊಂಡಿ ಮುಂಭಾಗವನ್ನು ನೆಲಕ್ಕೆ ಒತ್ತುತ್ತದೆ. ಇಂದಿನ ಟ್ರ್ಯಾಕ್ಟರ್‌ಗಳಲ್ಲೂ ಇರುವುದು ಇದೇ.

3, 4, 6 ಗೇರ್

1938ರಲ್ಲಿ ಹೆನ್ರಿ ಫೋರ್ಡ್ ಜತೆ ಬರೀ ಕೈಕುಲುಕಿ ಒಪ್ಪಂದವಾಯಿತು. 1939ರ ಫೋರ್ಡ್ 9ಎನ್‌ಗೆ ಮುಂದಕ್ಕೆ 3 ಗೇರ್. 1946ರ ಫರ್ಗುಸನ್ ಟಿಇ20ಗೆ 4. ಈ ಮಾಡೆಲ್ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಫೋರ್ಡ್ ಕಂಪನಿ ಒಪ್ಪಂದ ಮುರಿದಾಗ ಫರ್ಗುಸನ್ ಕೋರ್ಟಿಗೆ ಹೋದರು, 1952ರಲ್ಲಿ 92.5 ಲಕ್ಷ ಡಾಲರ್ ಪಡೆದರು. ಮರುವರ್ಷ ಅವರ ಕಂಪನಿ ಮ್ಯಾಸಿ-ಹ್ಯಾರಿಸ್ ಜತೆ ಸೇರಿತು. ಮುಂದೆ ಬಂದ 35 ಮಾಡೆಲ್‌ಗೆ 6 ಗೇರ್: ಮೂರು ಗೇರ್, ಹೈ–ಲೋ ಸೇರಿ ಆರು.

ಹಾಗಂತ ವೇಗ ಒಂದೂವರೆ ಪಟ್ಟು ಆಗಲಿಲ್ಲ. ಹೆಚ್ಚಿನ ಗೇರ್‌ಗಳು ಬಂದಿದ್ದು ಮುಖ್ಯವಾಗಿ ಹೊಲದ ನಿಧಾನ ಕೆಲಸಕ್ಕೆ. ಟಾಪ್ ಗೇರಿನ ಅನುಪಾತ, ಎಂಜಿನ್ನಿನ ಸುತ್ತು, ಹಿಂದಿನ ಟಯರಿನ ಅಳತೆ, ಇವು ವೇಗವನ್ನು ನಿರ್ಧರಿಸುತ್ತವೆ. ಅದೇ ಎಂಜಿನ್ ಸುತ್ತಿನಲ್ಲಿ ಚಕ್ರದ ವೇಗ ಅರ್ಧವಾದರೆ ಎಳೆಯುವ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕೆಜಿಎಫ್‌ನ ಬೆಮೆಲ್ ಬುಲ್ಡೋಜರ್ ನೋಡಿ: ಬಲ ಅಪಾರ, ನಡಿಗೆ ನಿಧಾನ.

ಇದನ್ನು ನೆನಪಿಡಿ

ಟಿಇ20ಯಲ್ಲಿ ಗೇರ್ ಲಿವರನ್ನೇ ‘ಎಸ್’ ಸ್ಥಾನಕ್ಕೆ ತಂದು ಸ್ಟಾರ್ಟ್ ಮಾಡಬೇಕಿತ್ತು. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಗಾಡಿ ನುಗ್ಗುವ ಭಯವಿರಲಿಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರು ಇದನ್ನು ಯೋಚಿಸಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಟ್ರೈಲರ್ ಲೋಡು ಹಿಂದಿನಿಂದ ತಳ್ಳುತ್ತದೆ. ಓಡುವಾಗ ಹಳೆ ಗೇರ್‌ಬಾಕ್ಸಿನಲ್ಲಿ ಗೇರ್ ಮತ್ತೆ ಬೀಳುವುದು ಕಷ್ಟ. ಇಳಿಯುವ ಮೊದಲೇ ಲೋ ಗೇರ್ ಹಾಕಿ.

ಫರ್ಗುಸನ್ 1960ರಲ್ಲಿ ತೀರಿಕೊಂಡರು. ಅವರ ಹೆಸರಿನ ಟ್ರ್ಯಾಕ್ಟರ್‌ಗಳನ್ನು ಭಾರತದಲ್ಲಿ ತಯಾರಿಸಿದ ಟಾಫೆ ಕಂಪನಿ ಚೆನ್ನೈನಲ್ಲಿ ಶುರುವಾಗಿದ್ದೂ ಅದೇ ವರ್ಷ. ಮನೆಯಲ್ಲಿ ಟ್ರ್ಯಾಕ್ಟರ್ ಇರುವವರಿಗೆ ಇದನ್ನು ತಪ್ಪದೆ ಕಳಿಸಿ.