ಒಡೆದ ಬಟ್ಟಲು

ಸಂಘವೊಂದನ್ನು ನಡೆಸುವ ಮಾತು ಬಂದಾಗಲೆಲ್ಲ ನನಗೆ ಇಟಲಿಯ ಸಂತ ಬೆನೆಡಿಕ್ಟನ ನೆನಪಾಗುತ್ತದೆ. ಸುಮಾರು ಕ್ರಿ.ಶ. 480ರಲ್ಲಿ ನೂರ್ಸಿಯಾದಲ್ಲಿ ಹುಟ್ಟಿದ ಆತನು ಓದಲೆಂದು ರೋಮಿಗೆ ಹೋಗಿ, ಅಲ್ಲಿಯ ಸ್ವೈರಜೀವನಕ್ಕೆ ಹೇಸಿ, ಸುಬಿಯಾಕೋದ ಗುಹೆಯನ್ನು ಸೇರಿದನು. ಮೂರು ವರ್ಷಗಳ ಏಕಾಂತ. ಬಳಿಕ ನೆರೆಯ ಮಠವೊಂದರ ಸಂನ್ಯಾಸಿಗಳು ತಮಗೆ ಅಧಿಪತಿಯಾಗೆಂದು ಬೇಡಿದರು. ಹೊಂದಿಕೆಯಾಗದೆಂದರೂ ಬಿಡಲಿಲ್ಲ. ಕೊನೆಗೆ ಆತನ ಕಟ್ಟುನಿಟ್ಟನ್ನು ತಾಳಲಾರದೆ ಅವರೇ ದ್ರಾಕ್ಷಾರಸದಲ್ಲಿ ವಿಷವಿಟ್ಟರು. ಆತನು ಶಿಲುಬೆಯ ಗುರುತು ಮಾಡಲು ಗಾಜಿನ ಬಟ್ಟಲು ಒಡೆಯಿತೆಂದು ಪೋಪ್ ಗ್ರೆಗರಿ ಬರೆದಿದ್ದಾನೆ. ಬೆನೆಡಿಕ್ಟನು ಕೋಪಗೊಳ್ಳದೆ ಗುಹೆಗೆ ಮರಳಿದನು.

ಪವಾಡವನ್ನು ನಂಬುವವರು ನಂಬಲಿ. ನನ್ನನ್ನು ಕಾಡುವುದು ಮುಂದಿನ ಕಥೆ. ಸುಬಿಯಾಕೋದಲ್ಲಿ ಹನ್ನೆರಡು ಮಠಗಳನ್ನು ಕಟ್ಟಿದ ಆತನು ಸುಮಾರು 529ರಲ್ಲಿ ಮಾಂಟೆ ಕಸಿನೊ ಬೆಟ್ಟವನ್ನೇರಿದನು. ಅಲ್ಲಿ ರಚಿಸಿದ ನಿಯಮಗ್ರಂಥದಲ್ಲಿ 73 ಅಧ್ಯಾಯಗಳಿವೆ. ಅದರಲ್ಲಿ ಬರುವ ಮಠಾಧಿಪತಿ ಬೈಬಲ್ಲಿನ ಕುರುಬನೇ ಸರಿ. ಮಂದೆಯನ್ನು ಅತಿಯಾಗಿ ಅಟ್ಟಿದರೆ ಒಂದೇ ದಿನದಲ್ಲಿ ಸತ್ತೀತೆಂದು ಅಂಜಿದ ಯಾಕೋಬನನ್ನು ಆತನು ಮರೆಯಬಾರದು. ಜಜ್ಜಿದ ದಂಟನ್ನು ಮುರಿಯಬಾರದು. ಮಹತ್ತ್ವದ ವಿಷಯದಲ್ಲಿ ಎಲ್ಲರನ್ನೂ ಕರೆದು, ಕಿರಿಯನ ಮಾತನ್ನೂ ಕೇಳಿ, ಆಮೇಲೆ ತಾನು ನಿರ್ಧರಿಸಬೇಕು. (ಇಪ್ಪತ್ತು ವರ್ಷ ಅಧ್ಯಾಪಕರ ಸಭೆಗಳಲ್ಲಿ ಕುಳಿತ ನಾನು ಇಂಥದನ್ನು ಕಂಡದ್ದು ಅಪರೂಪ.) ತುಕ್ಕನ್ನು ಉಜ್ಜುವ ಭರದಲ್ಲಿ ಪಾತ್ರೆಯೇ ಒಡೆದೀತೆಂಬ ಎಚ್ಚರಿಕೆಯೂ ಅಲ್ಲಿದೆ. ಅದನ್ನು ಓದಿದಾಗ ಆ ವಿಷದ ಬಟ್ಟಲೇ ನನ್ನ ಕಣ್ಣಿಗೆ ಕಟ್ಟುತ್ತದೆ. ತನ್ನ ಸೋಲನ್ನು ಆತನು ಮರೆತಿರಲಿಲ್ಲವೆಂದೇ ನನ್ನ ನಂಬಿಕೆ.

ಸುಮಾರು 547ರಲ್ಲಿ ಆತನು ಶಿಷ್ಯರ ತೋಳುಗಳ ಆಸರೆಯಲ್ಲಿ ನಿಂತು, ಕೈಗಳನ್ನೆತ್ತಿ ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟನಂತೆ.